ಇಟ್ಟು ಇಳೀತದಾ? ಕ್ಯಾನ್ಸರ್ ದಾಟಿದವರ ಬದುಕನ್ನು ಅಳೆಯುವ ಕೆಲಸ

ಬಾಯಿ ಕ್ಯಾನ್ಸರಿಗೆ ಆಪರೇಷನ್ ಆಗಿ, ಮೂವತ್ತು ಸಲ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು, ಆರು ತಿಂಗಳ ಮೇಲೆ ತೋರಿಸಿಕೊಳ್ಳಲು ಬಂದವರನ್ನು ‘ಹೇಗಿದ್ದೀರಿ ಯಜಮಾನ್ರೇ’ ಎಂದು ಕೇಳಿ ನೋಡಿ. ಮಂಡ್ಯ ಸೀಮೆಯವರಾದರೆ ಉತ್ತರ ಹೆಚ್ಚುಕಮ್ಮಿ ಒಂದೇ: ‘ಪರವಾಗಿಲ್ಲ ಕಣವ್ವ.’ ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು, ಕತ್ತು ಮುಟ್ಟಿ ನೋಡಿ, ಗಡ್ಡೆ ಮರಳಿಲ್ಲ ಎಂದು ಬರೆದು ಕಳಿಸುತ್ತಾರೆ. ಅದೇ ಮನುಷ್ಯರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡು ‘ಇಟ್ಟು ಇಳೀತದಾ?’ (ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ) ಅಂದರೆ ಮಾತು ಬೇರೆ ಕಡೆ ತಿರುಗುತ್ತದೆ. ಮುದ್ದೆ ಮುರಿದು ಬಾಯಿಗಿಡಲು ಬಾಯಿ ಅಷ್ಟು ತೆರೆಯುವುದಿಲ್ಲ. ಎಂಜಲಿಲ್ಲದೆ ಗಂಟಲಿಗೆ ಅಂಟುತ್ತದೆ. ಬಸ್ಸಾರಿನ ಖಾರ ತಡೆಯಲಾಗುವುದಿಲ್ಲ. ನುಂಗುವಾಗ ಕೆಮ್ಮು ಬಂದು ಎಲ್ಲರೂ ತಿರುಗಿ ನೋಡುತ್ತಾರೆಂದು ಮದುವೆ ಊಟಕ್ಕೆ ಹೋಗುವುದನ್ನೇ ಬಿಟ್ಟಾಗಿದೆ. ಇದು ಯಾವುದೂ ಕೇಸ್ ಶೀಟಿನಲ್ಲಿ ಇರುವುದಿಲ್ಲ.

ಆ ‘ಪರವಾಗಿಲ್ಲ’ದ ಒಳಗೆ ಏನಿದೆ ಎಂದು ಕೇಳಿ ತಿಳಿದು, ಅಳತೆಗೆ ಸಿಗುವ ಹಾಗೆ ಬರೆದುಕೊಂಡು, ಕಾರಣ ಹುಡುಕಿ, ಏನು ಮಾಡಿದರೆ ವಾಸಿ ಎಂದು ಪರೀಕ್ಷೆ ಮಾಡಿ ನೋಡುವುದು ನಮ್ಮ ಕಸುಬು. ಮೈಸೂರಿನಲ್ಲಿ ಕೂತು ಇದನ್ನು ಮಾಡುವವರು ಹಂತಹಂತವಾಗಿ ಏನೇನು ದಾಟಬೇಕು, ಎಲ್ಲೆಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ಹೊಸದಾಗಿ ಬರುವವರಿಗೆಂದು ಬರೆಯುತ್ತಿದ್ದೇವೆ.

ಈ ವಿಷಯಕ್ಕೆ ಇಂಗ್ಲಿಷಿನಲ್ಲಿ ‘ಸರ್ವೈವರ್‌ಶಿಪ್’ ಎಂದೊಂದು ಹೆಸರು ಬಂದದ್ದು ಬಹಳ ಹಿಂದಲ್ಲ. 1985ರಲ್ಲಿ ಫಿಟ್ಜ್‌ಹ್ಯೂ ಮಲನ್ ಎಂಬ ಅಮೆರಿಕದ ವೈದ್ಯರು, ತಾವೇ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು, ಒಂದು ಲೇಖನ ಬರೆದರು. ‘ವಾಸಿಯಾಯಿತು’ ‘ಆಗಲಿಲ್ಲ’ ಎಂದು ಎರಡೇ ಖಾನೆ ಮಾಡಿದರೆ ಸಾಲದು, ರೋಗ ಗೊತ್ತಾದ ದಿನದಿಂದಲೇ ಬದುಕಿ ಉಳಿಯುವ ಕೆಲಸ ಶುರುವಾಗುತ್ತದೆ, ಅದಕ್ಕೂ ಋತುಗಳಿವೆ ಎಂಬುದು ಅವರ ವಾದ. ಬೇಕಾದ ಉಪಕರಣಗಳು ಬಂದದ್ದು 1993ರಲ್ಲಿ. ನೆದರ್ಲೆಂಡ್ಸ್‌ನ ನೀಲ್ ಆರನ್‌ಸನ್ ಮತ್ತು ಜೊತೆಗಾರರು ಯುರೋಪಿನ ಇಒಆರ್‌ಟಿಸಿ ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪರವಾಗಿ ‘ಕ್ಯೂಎಲ್‌ಕ್ಯೂ-ಸಿ30’ ಎಂಬ, ಬದುಕಿನ ಗುಣಮಟ್ಟ ಅಳೆಯುವ ಮೂವತ್ತು ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ಸೆಲ್ಲಾ ಅವರ ಅಂಥದೇ ಪಟ್ಟಿ ‘ಫ್ಯಾಕ್ಟ್-ಜಿ’ ಬಂತು. ನಮ್ಮಲ್ಲಿ ಹೆಚ್ಚು ಓಡುವುದು ಸಿ30. ಅದರ ಜೊತೆಗೆ ತಲೆ-ಕತ್ತಿನ ಕ್ಯಾನ್ಸರಿಗೆ, ಸ್ತನ ಕ್ಯಾನ್ಸರಿಗೆ ಬೇರೆಬೇರೆ ಹೆಚ್ಚುವರಿ ಪಟ್ಟಿಗಳಿವೆ.

ಈ ದಾರಿಗೆ ಯಾರು ಬರಬಹುದು? ಎಂಎಸ್ಸಿ ನರ್ಸಿಂಗ್ ಮಾಡಿದವರು, ಫಿಸಿಯೋಥೆರಪಿಯವರು, ದಂತವೈದ್ಯರು, ಎಂಎಸ್‌ಡಬ್ಲ್ಯು ಅಥವಾ ಮನಃಶಾಸ್ತ್ರದವರು, ಮಾತು ಮತ್ತು ನುಂಗುವಿಕೆಯ ತರಬೇತಿ ಕೊಡುವವರು. ಕೊನೆಯದಕ್ಕೆ ಮೈಸೂರು ಒಳ್ಳೆಯ ಊರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ಮಾತು, ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಪಡೆದವರ ಕಿವಿ, ಕರೆಂಟ್ ಆದವರ ನುಂಗುವಿಕೆ ಮೂರೂ ಅಲ್ಲಿ ಕಲಿಸುವ ವಿದ್ಯೆಗೆ ಸೇರಿದವು. ಪಿಎಚ್‌ಡಿ ಮುಂದೆ ಬೇಕಾಗುತ್ತದೆ, ಆದರೆ ಅದಕ್ಕೂ ಮೊದಲು ಒಂದು ವರ್ಷ ಒಪಿಡಿಯ ಬೆಂಚಿನಲ್ಲಿ ಕೂತವರ ಸಂಶೋಧನಾ ಪ್ರಶ್ನೆಗೂ ನೇರ ಗ್ರಂಥಾಲಯದಿಂದ ಬಂದವರ ಪ್ರಶ್ನೆಗೂ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊದಲ ಮೆಟ್ಟಿಲಲ್ಲೇ ಹಲವರು ಎಡವುತ್ತಾರೆ: ಪ್ರಶ್ನಾವಳಿಯನ್ನು ತಾವೇ ಕನ್ನಡಕ್ಕೆ ತಿರುಗಿಸಿಕೊಳ್ಳುವುದು. ಸಿ30ಗೆ ಕನ್ನಡದ ಅಧಿಕೃತ ರೂಪ ಇದೆ. ಇಒಆರ್‌ಟಿಸಿಗೆ ಅರ್ಜಿ ಹಾಕಿ, ಅಧ್ಯಯನ ಯಾವುದೆಂದು ತಿಳಿಸಿ, ಅನುಮತಿ ಪಡೆದು ಬಳಸಬೇಕು. ಶೈಕ್ಷಣಿಕ ಕೆಲಸಕ್ಕೆ ದುಡ್ಡಿಲ್ಲ. ನಿಮಗೆ ಬೇಕಾದ ಹೆಚ್ಚುವರಿ ಪಟ್ಟಿ ಕನ್ನಡದಲ್ಲಿ ಇಲ್ಲದಿದ್ದರೆ ಅವರ ನಿಯಮದಂತೆಯೇ ಅನುವಾದ ನಡೆಯಬೇಕು. ಇಬ್ಬರು ಬೇರೆಬೇರೆಯಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಎದುರುಬದುರು ಇಟ್ಟು ಒಂದು ಮಾಡಲಾಗುತ್ತದೆ. ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎಲ್ಲಿ ಜಾರಿದೆ ಎಂದು ನೋಡಿ ತಿದ್ದಿ, 10ರಿಂದ 15 ರೋಗಿಗಳ ಮೇಲೆ ಓದಿಸಿ, ‘ಈ ಪ್ರಶ್ನೆ ನಿಮಗೆ ಏನು ಕೇಳ್ತಿದೆ ಅನ್ನಿಸ್ತು?’ ಎಂದು ಒಂದೊಂದನ್ನೂ ವಿಚಾರಿಸಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಪಿಎಚ್‌ಡಿ ವೇಳಾಪಟ್ಟಿಯಲ್ಲಿ ಇದಕ್ಕೆ ಎರಡು ವಾರ ಬರೆದುಕೊಂಡವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

ಮಾತು ಜಾರುವುದು ಸಣ್ಣ ಜಾಗಗಳಲ್ಲಿ. ಸಿ30ರ ಆಯಾಸದ ಮೂರು ಪ್ರಶ್ನೆಗಳಲ್ಲಿ ಒಂದು ವಿಶ್ರಾಂತಿ ಬೇಕೆನಿಸಿತೇ ಎಂದು ಕೇಳುತ್ತದೆ, ಒಂದು ನಿಶ್ಶಕ್ತಿಯ ಬಗ್ಗೆ, ಒಂದು ದಣಿವಿನ ಬಗ್ಗೆ. ಹಳ್ಳಿಯವರಿಗೆ ಕೊನೆಯ ಎರಡೂ ‘ಸುಸ್ತು’. ‘ಇದನ್ನಾಗಲೇ ಕೇಳಿದ್ರಲ್ಲ’ ಎಂದು ಕೇಳುತ್ತಾರೆ. ಮನಸ್ಸಿನ ಪ್ರಶ್ನೆಗಳಲ್ಲಿ ‘ಖಿನ್ನತೆ’ ಪುಸ್ತಕದ ಮಾತು, ‘ಬೇಜಾರು’ ಎಲ್ಲರಿಗೂ ತಿಳಿಯುವ ಮಾತು. ಆದರೆ ಬೇಜಾರು ಅಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಸೊಸೆಯ ಮೇಲಿನ ಸಿಟ್ಟೂ ಹೌದು.

ಮುದ್ದೆಯ ವಿಷಯಕ್ಕೆ ಮರಳೋಣ. ತಲೆ-ಕತ್ತಿನ ಪಟ್ಟಿಯಲ್ಲಿ ದ್ರವ ನುಂಗಲು, ಅರೆದ ಆಹಾರ ನುಂಗಲು, ಗಟ್ಟಿ ಆಹಾರ ನುಂಗಲು ತೊಂದರೆಯಾಯಿತೇ ಎಂದು ಮೂರು ಪ್ರಶ್ನೆ. ಮುದ್ದೆ ಯಾವುದಕ್ಕೆ ಸೇರಬೇಕು? ನೋಡಲು ಗಟ್ಟಿ, ಆದರೆ ಅದನ್ನು ಅಗಿಯುವವರಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಪದ್ಧತಿ. ಚಪಾತಿ ಅಗಿಯಲಾರದವರು ಮುದ್ದೆ ನುಂಗಿ ‘ಗಟ್ಟಿ ಊಟಕ್ಕೇನೂ ತೊಂದ್ರೆ ಇಲ್ಲ’ ಅನ್ನುತ್ತಾರೆ. ಅದೇ ಸ್ಥಿತಿಯ ಇನ್ನೊಬ್ಬರು ರೊಟ್ಟಿಯನ್ನು ನೆನೆದು ‘ತುಂಬಾ ತೊಂದ್ರೆ’ ಅನ್ನುತ್ತಾರೆ. ಪ್ರಶ್ನೆಯ ಪದ ಬದಲಿಸುವ ಹಕ್ಕು ನಮಗಿಲ್ಲ. ಸಂದರ್ಶಕರು ಅವರವರಿಗೆ ತೋಚಿದಂತೆ ವಿವರಿಸಿದರೆ ಅಂಕಿ ಹಾಳು. ಆದ್ದರಿಂದ ಕೈಪಿಡಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಬೇಕು: ಯಾರಾದರೂ ಕೇಳಿದರೆ ಮಾತ್ರ ‘ಅಗಿದು ನುಂಗಬೇಕಾದದ್ದು, ರೊಟ್ಟಿ, ಚಪಾತಿ, ಬಾಡಿನ ತುಂಡು’ ಎನ್ನುವುದು, ಎಲ್ಲರಿಗೂ ಅದೇ ಮಾತು. ಮುದ್ದೆಯನ್ನು ನಮ್ಮದೇ ಪ್ರತ್ಯೇಕ ಪ್ರಶ್ನೆಯಾಗಿ ಕೊನೆಯಲ್ಲಿ ಕೇಳುವುದು, ಮೂಲ ಅಂಕದಲ್ಲಿ ಅದನ್ನು ಸೇರಿಸದಿರುವುದು.

ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮೆಟ್ಟಿಲು ಮುಂದಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಸಭೆ ನಡೆಯಲು ಕನಿಷ್ಠ ಐವರು. ಅಧ್ಯಯನದ ಯೋಜನೆ, ಪ್ರಶ್ನಾವಳಿಯ ಅನುಮತಿ ಪತ್ರ, ಕನ್ನಡ ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಬಜೆಟ್ ಎಲ್ಲವೂ ಒಟ್ಟಿಗೆ ಹೋಗಬೇಕು. ವಾಪಸ್ ಬರುವುದು ಹೆಚ್ಚಾಗಿ ಕನ್ನಡ ಮಾಹಿತಿ ಪತ್ರದ ದೆಸೆಯಿಂದ. ‘ಸದರಿ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸಂಪೂರ್ಣ ಸ್ವಯಂಪ್ರೇರಿತವಾಗಿರುತ್ತದೆ’ ಎಂದು ಬರೆದುಕೊಂಡು ಹೋದರೆ ಪಾಂಡವಪುರದಲ್ಲಿರಲಿ, ಮೈಸೂರಿನ ಸರಸ್ವತಿಪುರಂನಲ್ಲೂ ಯಾರಿಗೂ ತಲೆಗೆ ಹೋಗುವುದಿಲ್ಲ. ‘ಸೇರಲೇಬೇಕು ಅಂತೇನಿಲ್ಲ. ಬೇಡ ಅಂದರೂ ನಿಮ್ಮ ಚಿಕಿತ್ಸೆ ಈಗ ನಡೆಯುತ್ತಿರುವ ಹಾಗೇ ನಡೆಯುತ್ತದೆ. ಮಧ್ಯದಲ್ಲಿ ಬಿಟ್ಟರೂ ಯಾಕೆ ಅಂತ ಯಾರೂ ಕೇಳುವುದಿಲ್ಲ’ ಎಂದರೆ ಮುಗಿಯಿತು.

ಸಹಿ ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇರಬೇಕು. ಕೊನೆಯ ನಿಮಿಷದಲ್ಲಿ ಯಾರನ್ನೋ ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿಯಲ್ಲ. ಹೆಬ್ಬೆಟ್ಟು ಅಂದಕೂಡಲೇ ಜಮೀನು, ಸಾಲ, ಪಾಲುಪಾರಿಕತ್ತು ನೆನಪಾಗಿ ಹಿಂದೆ ಸರಿಯುವವರಿದ್ದಾರೆ. ಅವರ ಅಂಜಿಕೆಗೆ ಕಾರಣವಿದೆ. ಕಾಗದವನ್ನು ಮನೆಗೆ ಕೊಟ್ಟು ಕಳಿಸಿ, ಮಕ್ಕಳ ಕೈಲಿ ಓದಿಸಿಕೊಂಡು ಮುಂದಿನ ಸಲ ಬನ್ನಿ ಎನ್ನುವುದೇ ಸರಿಯಾದ ದಾರಿ.

ಇನ್ನೂ ಸೂಕ್ಷ್ಮವಾದದ್ದು ಮಗ ಬಾಗಿಲಲ್ಲೇ ಅಡ್ಡಗಟ್ಟಿ ‘ಮೇಡಂ, ಅಮ್ಮನ ಹತ್ರ ಕ್ಯಾನ್ಸರ್ ಅನ್ಬೇಡಿ, ಗಡ್ಡೆ ಅಂತ ಅಷ್ಟೇ ಹೇಳಿದ್ದೀವಿ’ ಅನ್ನುವುದು. ಮಾಹಿತಿ ಪತ್ರದ ತಲೆಬರಹದಲ್ಲೇ ಆ ಪದ ಇರುತ್ತದೆ. ಮಗನಿಗೆ ತಲೆಯಾಡಿಸಿ ಪದ ಮರೆಮಾಚಿ ಒಪ್ಪಿಗೆ ಪಡೆದರೆ ಅದು ಒಪ್ಪಿಗೆಯಲ್ಲ. ಎದುರಿಗೆ ಹೇಳಿಬಿಡುವುದೂ ನಮ್ಮ ಕೆಲಸವಲ್ಲ. ಮೊದಲು ‘ಅಜ್ಜಿ, ನಿಮ್ಮ ಕಾಯಿಲೆ ಬಗ್ಗೆ ಏನು ಹೇಳಿದ್ದಾರೆ?’ ಎಂದು ಕೇಳುತ್ತೇವೆ. ಎಷ್ಟೋ ಸಲ ಅಜ್ಜಿಗೆ ಎಲ್ಲ ಗೊತ್ತಿರುತ್ತದೆ, ಮಗ ನೊಂದುಕೊಳ್ಳುತ್ತಾನೆಂದು ಸುಮ್ಮನಿರುತ್ತಾರೆ. ನಿಜವಾಗಿ ಗೊತ್ತಿಲ್ಲದಿದ್ದರೆ ಡಾಕ್ಟರಿಗೆ ತಿಳಿಸಿ, ಅವರು ಮನೆಯವರ ಜೊತೆ ಮಾತಾಡುವವರೆಗೆ ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲ. ಎಷ್ಟು ಜನ ಈ ಕಾರಣಕ್ಕೆ ಹೊರಗುಳಿದರು ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಬೇಕು, ಪ್ರಬಂಧದಲ್ಲಿ ಅದು ಬೇಕಾಗುತ್ತದೆ.

ವ್ಯಾಯಾಮವೋ ತರಬೇತಿಯೋ ಕೊಟ್ಟು ನೋಡುವ ಪ್ರಯೋಗವಾದರೆ ದೇಶದ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿಯೂ ಬೇಕು, ಅದೂ ಮೊದಲ ವ್ಯಕ್ತಿಯನ್ನು ಸೇರಿಸುವ ಮೊದಲೇ. 2018ರ ಏಪ್ರಿಲ್ 1ರಿಂದ ಆಮೇಲೆ ನೋಂದಾಯಿಸುವ ಅವಕಾಶವೇ ಇಲ್ಲ.

ಸಂದರ್ಶನ ಯಾವಾಗ ಮಾಡಬೇಕು? ಡಾಕ್ಟರನ್ನು ನೋಡುವ ಮುಂಚೆ. ಒಳಗೆ ಹೋಗಿ ‘ಎಲ್ಲ ಚೆನ್ನಾಗಿದೆ’ ಅನ್ನಿಸಿಕೊಂಡು ಬಂದವರ ನೋವು ಹತ್ತು ನಿಮಿಷದಲ್ಲಿ ಕಮ್ಮಿಯಾಗಿರುತ್ತದೆ, ‘ಸ್ಕ್ಯಾನ್ ಮಾಡಿಸಿ’ ಅನ್ನಿಸಿಕೊಂಡವರದು ಜಾಸ್ತಿಯಾಗಿರುತ್ತದೆ. ಓದಬಲ್ಲವರು ಸಿ30ಯನ್ನು ಹತ್ತು-ಹನ್ನೆರಡು ನಿಮಿಷದಲ್ಲಿ ತುಂಬುತ್ತಾರೆ, ಓದಿ ಹೇಳಿದರೆ ಇಪ್ಪತ್ತೈದಾದರೂ ಬೇಕು. ಆರನೇ ಪ್ರಶ್ನೆಯಿಂದ ಮುಂದಕ್ಕೆ ಎಲ್ಲವೂ ‘ಕಳೆದ ಒಂದು ವಾರ’ದ ಬಗ್ಗೆ. ಜನ ಉತ್ತರಿಸುವುದು ಮಾತ್ರ ಕಾಯಿಲೆ ಬಂದಾಗಿನಿಂದ ಪಟ್ಟದ್ದೆಲ್ಲವನ್ನೂ ಸೇರಿಸಿ. ‘ಹೋದ ಸಂತೆಯಿಂದ ಈಚೆಗೆ’ ಎಂದರೆ ಥಟ್ಟನೆ ಸರಿಹೋಗುತ್ತದೆ, ಆ ಊರಿನ ಸಂತೆ ಯಾವ ದಿನವೆಂದು ಕೇಳಿಕೊಂಡರೆ ಆಯಿತು.

ಉತ್ತರಕ್ಕೆ ನಾಲ್ಕು ಮೆಟ್ಟಿಲು, ಇಲ್ಲವೇ ಇಲ್ಲ ಎಂಬುದರಿಂದ ತುಂಬಾ ಎಂಬುದರವರೆಗೆ. ನಡುವಿನ ಎರಡರಲ್ಲಿ ಎಲ್ಲರೂ ತೊಡರುತ್ತಾರೆ. ದೊಡ್ಡ ಅಕ್ಷರದ ಕಾರ್ಡು ಕೈಗೆ ಕೊಟ್ಟು ಬೆರಳಿಟ್ಟು ತೋರಿಸಿ ಎನ್ನಬಹುದು. ಕೊಟ್ಟರೆ ಎಲ್ಲರಿಗೂ, ಎಲ್ಲ ಸಲವೂ ಕೊಡಬೇಕು. ಜೊತೆಗೆ ಬಂದವರು ಉತ್ತರ ಹೇಳುವುದಂತೂ ನಿತ್ಯದ ಗೋಳು. ‘ಅವರಿಗೇನೂ ನೋವಿಲ್ಲ, ಬರೀರಿ’ ಅನ್ನುತ್ತಾರೆ ಹೆಂಡತಿ, ಗಂಡ ಸುಮ್ಮನೆ ನೆಲ ನೋಡುತ್ತಿರುತ್ತಾರೆ. ‘ಅಕ್ಕ, ಒಂದು ಹತ್ತು ನಿಮಿಷ ಆಚೆ ಕೂತಿರಿ, ಆಮೇಲೆ ನಿಮ್ಮನ್ನೂ ಕೇಳ್ತೀವಿ’ ಎಂದು ಹೇಳಿ, ಹೇಳಿದ ಹಾಗೆ ಅವರನ್ನೂ ಕೇಳಬೇಕು. ಗಂಡ-ಹೆಂಡಿರ ಸಂಬಂಧದ ಪ್ರಶ್ನೆಗಳನ್ನು ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಕೇಳಬೇಕು. ಉತ್ತರ ಬೇಡವೆಂದರೆ ಬಿಡಬೇಕು. ಖಾಲಿ ಬಿಟ್ಟ ಖಾನೆ ಸಂದರ್ಶಕರು ನಾಚಿಕೊಂಡು ಕೇಳದೇ ಬಿಟ್ಟದ್ದೋ, ರೋಗಿ ಬೇಡವೆಂದದ್ದೋ ಎಂದು ಬೇರೆಬೇರೆ ಗುರುತು ಹಾಕಬೇಕು. ಹೊಸಬರ ಹಾಳೆಗಳಲ್ಲಿ ಮೊದಲನೆಯದೇ ಹೆಚ್ಚು.

ಮನಸ್ಸಿನ ಆರೋಗ್ಯಕ್ಕೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸುವವರು ಒಂಬತ್ತನೇ ಪ್ರಶ್ನೆಗೆ ಮೊದಲೇ ಸಿದ್ಧವಾಗಿರಬೇಕು. ಅದು ಸಾಯುವ ಯೋಚನೆಯ ಬಗ್ಗೆ. ‘ಹೌದು’ ಎಂದವರ ಹಾಳೆಯನ್ನು ಸಂಜೆ ಕಂಪ್ಯೂಟರಿಗೆ ಹಾಕುವಾಗ ನೋಡುವುದಲ್ಲ. ಅದೇ ಗಳಿಗೆ ಯಾರಿಗೆ ಫೋನ್ ಮಾಡಬೇಕು, ಯಾರು ಬಂದು ಮಾತಾಡಬೇಕು, ಒಬ್ಬರೇ ಮನೆಗೆ ಹೋಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಗೋಡೆಯ ಮೇಲೆ ಬರೆದಿರಬೇಕು. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅದರ ಕೆಳಗೇ ಇರಲಿ.

ಸಿ30ಗೆ ಅಂಕ ಹಾಕುವುದು ಸುಲಭ, ತಪ್ಪು ಮಾಡುವುದು ಇನ್ನೂ ಸುಲಭ. ಉದಾಹರಣೆಗೆ ದೈಹಿಕ ಸಾಮರ್ಥ್ಯದ ಐದು ಪ್ರಶ್ನೆಗಳಿಗೆ 2, 3, 1, 1, 1 ಎಂದು ಉತ್ತರ ಬಂದಿದೆ ಅನ್ನಿ. ಕೂಡಿದರೆ 8, ಸರಾಸರಿ 1.6. ಅದರಿಂದ 1 ಕಳೆದು 3ರಿಂದ ಭಾಗಿಸಿದರೆ 0.2. ಇದು ಸಾಮರ್ಥ್ಯದ ಅಳತೆಯಾದ್ದರಿಂದ 1ರಿಂದ 0.2 ಕಳೆದು 100ರಿಂದ ಗುಣಿಸಬೇಕು: 80. ಆಯಾಸದ ಮೂರಕ್ಕೆ 3, 2, 3 ಬಂದರೆ ಸರಾಸರಿ 2.67, ಅದರಿಂದ 1 ಕಳೆದು 3ರಿಂದ ಭಾಗಿಸಿ ನೇರ 100ರಿಂದ ಗುಣಿಸಿದರೆ ಸುಮಾರು 55.6. ಮೊದಲನೆಯದರಲ್ಲಿ ಹೆಚ್ಚಿದ್ದರೆ ಒಳ್ಳೆಯದು, ಎರಡನೆಯದರಲ್ಲಿ ಹೆಚ್ಚಿದ್ದರೆ ಕೆಟ್ಟದ್ದು. ಈ ದಿಕ್ಕು ತಪ್ಪಿಸಿ ‘ಚಿಕಿತ್ಸೆಯ ನಂತರ ನೋವು ಸುಧಾರಿಸಿದೆ’ ಎಂದು ಪೂರ್ತಿ ಅಧ್ಯಾಯ ಬರೆದಿಡುವವರಿದ್ದಾರೆ. ಕೊನೆಯ ಎರಡು ಪ್ರಶ್ನೆಗಳಿಗೆ ನಾಲ್ಕಲ್ಲ, ಏಳು ಮೆಟ್ಟಿಲು. ಅಲ್ಲಿ 3ರ ಬದಲು 6ರಿಂದ ಭಾಗಿಸಬೇಕು. 4 ಮತ್ತು 5 ಎಂದು ಉತ್ತರವಿದ್ದರೆ 58.3 ಬರುತ್ತದೆ. ಒಂದು ಗುಂಪಿನ ಪ್ರಶ್ನೆಗಳಲ್ಲಿ ಅರ್ಧಕ್ಕಾದರೂ ಉತ್ತರವಿದ್ದರೆ ಉತ್ತರವಿರುವವುಗಳ ಸರಾಸರಿಯಿಂದ ಅಂಕ ಹಾಕಬಹುದು, ಅದಕ್ಕಿಂತ ಕಮ್ಮಿಯಾದರೆ ಆ ಗುಂಪನ್ನು ಖಾಲಿ ಬಿಡಬೇಕು.

ಎಷ್ಟು ಬದಲಾದರೆ ರೋಗಿಗೇ ಗೊತ್ತಾಗುತ್ತದೆ? 1998ರಲ್ಲಿ ಡೇವಿಡ್ ಒಸೋಬಾ ಮತ್ತು ಸಂಗಡಿಗರು ತೋರಿಸಿದಂತೆ 5ರಿಂದ 10 ಅಂಕದ ವ್ಯತ್ಯಾಸ ಸಣ್ಣದು, 10ರಿಂದ 20 ಮಧ್ಯಮ, 20ರ ಮೇಲೆ ದೊಡ್ಡದು. ಆದ್ದರಿಂದ ಎರಡು ಅಂಕದ ವ್ಯತ್ಯಾಸಕ್ಕೆ ಲೆಕ್ಕಶಾಸ್ತ್ರ ‘ಮಹತ್ವದ್ದು’ ಎಂದು ಮುದ್ರೆ ಒತ್ತಿದರೂ ಮಂಡ್ಯದ ಕೆರಗೋಡಿನ ಮನೆಯಲ್ಲಿ ಊಟಕ್ಕೆ ಕೂತವರಿಗೆ ಅದು ತಿಳಿಯುವುದಿಲ್ಲ.

ಪ್ರಶ್ನೆಯಷ್ಟೇ ಸಾಲದು, ದೇಹವನ್ನೂ ಅಳೆಯಬೇಕು. ಬಾಯಿ ತೆರೆಯುವಿಕೆಯನ್ನು ಮೇಲಿನ ಮುಂಬಾಚಿ ಹಲ್ಲಿನ ಅಂಚಿನಿಂದ ಕೆಳಗಿನ ಹಲ್ಲಿನ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಇಟ್ಟು ಮಿಲಿಮೀಟರಿನಲ್ಲಿ ನೋಡುತ್ತೇವೆ. 35 ಮಿ.ಮೀ. ಅಥವಾ ಕಮ್ಮಿ ಇದ್ದರೆ ಬಾಯಿ ಬಿಗಿತ ಎಂದು ಲೆಕ್ಕ. ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳುತ್ತೇವೆ, ಯಾವ ಹಲ್ಲಿಗೆ ಯಾವ ಹಲ್ಲು ಎಂಬುದನ್ನೂ ಬರೆಯುತ್ತೇವೆ. ಏಕೆಂದರೆ ಮುಂದಿನ ಸಲ ಆ ಹಲ್ಲು ಕಿತ್ತಿಸಿಕೊಂಡು ಬಂದಿದ್ದರೆ ಬಾಯಿ ಒಮ್ಮೆಗೇ ಒಂದು ಸೆಂಟಿಮೀಟರ್ ‘ಸುಧಾರಿಸಿ’ಬಿಟ್ಟಿರುತ್ತದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ನಾರುನಾರಾಗಿ ಬಿಗಿದು, ಕ್ಯಾನ್ಸರಿಗೆ ಮೊದಲೇ ಬಾಯಿ ಚಿಕ್ಕದಾಗಿರುತ್ತದೆ. ಚಿಕಿತ್ಸೆಗೆ ಮೊದಲು ಅಳೆಯದೆ, ಆಮೇಲೆ 25 ಮಿ.ಮೀ. ಕಂಡು ಎಲ್ಲವನ್ನೂ ಕರೆಂಟಿನ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಮೊದಲ ಅಳತೆ ಆಪರೇಷನ್ನಿಗೆ ಮುಂಚೆಯೇ ಆಗಬೇಕು.

ಸ್ತನದ ಆಪರೇಷನ್ ಆದವರ ತೋಳಿನ ಊತ ಇನ್ನೊಂದು. ಟೇಪು ಕಾಣಿಸುವುದಕ್ಕೂ ಮೊದಲು ಬಳೆ ಹೇಳುತ್ತದೆ. ‘ಈ ಕೈಗೆ ಬಳೆ ಏರ್ತಾ ಇಲ್ಲ’ ಎಂಬ ಮಾತನ್ನು ನಾವು ಲಕ್ಷಣದ ಪಟ್ಟಿಯಲ್ಲೇ ಸೇರಿಸಿಕೊಂಡಿದ್ದೇವೆ. ಅಳತೆಗೆ ಮಣಿಕಟ್ಟಿನ ಹೊರಗಿನ ಮೂಳೆಯ ಗುಬುಟಿನಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ, ಎರಡೂ ಕೈಗಳ ಸುತ್ತಳತೆ ತೆಗೆಯಬೇಕು. ಯಾವುದೇ ಗುರುತಿನಲ್ಲಿ 2 ಸೆಂ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಅಥವಾ ಒಟ್ಟು ಗಾತ್ರದಲ್ಲಿ ಶೇ. 10ರ ಹೆಚ್ಚಳ ಇದ್ದರೆ ಊತವೆಂದು ತೆಗೆದುಕೊಳ್ಳುವುದು ರೂಢಿ. ಗಾತ್ರಕ್ಕೆ ಸೂತ್ರವಿದೆ: ಅಕ್ಕಪಕ್ಕದ ಎರಡು ಸುತ್ತಳತೆಗಳ ವರ್ಗಗಳನ್ನೂ ಅವುಗಳ ಗುಣಲಬ್ಧವನ್ನೂ ಕೂಡಿ, ನಡುವಿನ ಅಂತರದಿಂದ ಗುಣಿಸಿ, 37.7ರಿಂದ ಭಾಗಿಸಬೇಕು. 20 ಮತ್ತು 22 ಸೆಂ.ಮೀ. ಇದ್ದರೆ ಆ ತುಂಡಿನ ಗಾತ್ರ 140 ಮಿ.ಲೀ. ಚಿಲ್ಲರೆ. ಟೈಲರ್ ಟೇಪು ವರ್ಷದೊಳಗೆ ಹಿಗ್ಗುತ್ತದೆ, ಸ್ಟೀಲ್ ಸ್ಕೇಲಿಗೆ ಹಿಡಿದು ಆಗಾಗ ಪರೀಕ್ಷಿಸಬೇಕು. ಬೆಳಿಗ್ಗೆ ಅಳೆದವರನ್ನು ಬೆಳಿಗ್ಗೆಯೇ ಅಳೆಯಬೇಕು.

ಈ ತೋಳಿನ ವಿಷಯದಲ್ಲಿ ಒಬ್ಬ ಸಂಶೋಧಕಿಯ ವೃತ್ತಿಜೀವನ ಎಂಥ ಬದಲಾವಣೆ ತರಬಹುದು ಎಂಬುದಕ್ಕೆ ಕ್ಯಾಥರಿನ್ ಶ್ಮಿಟ್ಜ್ ಅವರನ್ನು ನೋಡಬೇಕು. ಊತ ಬಂದ ಕೈಯಲ್ಲಿ ಭಾರ ಎತ್ತಲೇಬಾರದು ಎಂಬ ಮಾತು ವರ್ಷಾನುಗಟ್ಟಲೆ ನಡೆದುಬಂದಿತ್ತು. ನಮ್ಮಲ್ಲಿ ಅದು ‘ಕೊಡ ಎತ್ತಬೇಡಿ’ ಎಂದಾಗಿ, ಮನೆಯಲ್ಲಿ ಹೆಂಗಸಿನ ಕೈ ಕಟ್ಟಿಹಾಕಿತು. ಅವರು ಊತವಿದ್ದ 141 ಹೆಂಗಸರ ಮೇಲೆ ಪ್ರಯೋಗ ನಡೆಸಿ 2009ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡು ದಿನ, ಸಣ್ಣ ಭಾರದಿಂದ ಶುರುಮಾಡಿ ನಿಧಾನ ಏರಿಸುತ್ತ ಹೋದವರಲ್ಲಿ ಊತ ಹೆಚ್ಚಲಿಲ್ಲ, ಉಲ್ಬಣಿಸುವುದು ಕಮ್ಮಿಯಾಯಿತು, ಕೈಗೆ ಬಲ ಬಂತು. ಇದನ್ನು ಇಲ್ಲಿಗೆ ತರುವಾಗ ಎಚ್ಚರ ಬೇಕು. ಅವರ ಪ್ರಯೋಗದಲ್ಲಿ ತರಬೇತಿದಾರರು ಇದ್ದರು, ಒತ್ತುಪಟ್ಟಿಯ ತೋಳುಚೀಲ ಇತ್ತು. ತುಂಬಿದ ಕೊಡವನ್ನು ಮೊದಲ ದಿನವೇ ಎತ್ತಿ ಎಂದು ಅದರ ಅರ್ಥವಲ್ಲ. ಕಬ್ಬಿನ ಗದ್ದೆಯಲ್ಲಿ ಭಾರಕ್ಕಿಂತ ಸೋಗೆಯೇ ಅಪಾಯ. ಅದು ಗೀರಿದ ಜಾಗದಿಂದ ಸೋಂಕು ಹೊಕ್ಕು ತೋಳು ಕೆಂಪಗೆ ಉರಿದು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಉದ್ದ ತೋಳಿನ ಶರಟು, ಗ್ಲೌಸು, ಗೀರಾದರೆ ಸೋಪಿನಲ್ಲಿ ತೊಳೆಯುವುದು, ಇವನ್ನು ಹೇಳಿಕೊಡದೆ ಬರೀ ಕೊಡದ ಮಾತಾಡುವುದು ವ್ಯರ್ಥ.

ಆಯಾಸದ ಬಗ್ಗೆ ಒಂದು ಮಾತು. ಮನೆಯವರು ‘ಮಲಗಿರಿ’ ಅನ್ನುತ್ತಾರೆ, ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಶಿಫಾರಸು ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಬಿರುಸು ನಡಿಗೆ, ಎರಡು ದಿನ ಬಲ ಹೆಚ್ಚಿಸುವ ವ್ಯಾಯಾಮ ಎನ್ನುತ್ತದೆ. ನಾಲೆ ಏರಿಯ ಮೇಲೆ ಮಾತಾಡಿಕೊಂಡು ಹೋಗಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು. ಆದರೆ ನಡಿಗೆ ಹೇಳುವ ಮುಂಚೆ ರಕ್ತದ ಎರಡು ಪರೀಕ್ಷೆ: ಹಿಮೋಗ್ಲೋಬಿನ್, ಮತ್ತೆ ಥೈರಾಯ್ಡ್ ನೋಡುವ ಟಿಎಸ್‌ಎಚ್. ಕತ್ತಿಗೆ ಕರೆಂಟ್ ಆದವರಲ್ಲಿ ಥೈರಾಯ್ಡ್ ತಿಂಗಳು-ವರ್ಷಗಳ ಮೇಲೆ ಕುಂದುತ್ತದೆ. 6ರಿಂದ 12 ತಿಂಗಳಿಗೊಮ್ಮೆ ನೋಡಬೇಕಾದ್ದನ್ನು ನೋಡದೆ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಅನ್ನುವುದು ದೊಡ್ಡ ಅನ್ಯಾಯ.

ಪ್ರಯೋಗ ಮಾಡುವವರಿಗೆ ಜನರ ಲೆಕ್ಕ. 10 ಅಂಕದ ವ್ಯತ್ಯಾಸ ಹಿಡಿಯಬೇಕು, ಅಂಕಗಳ ಹರಡುವಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 20 ಎಂದುಕೊಂಡರೆ, ಶೇ. 80ರ ಬಲಕ್ಕೆ (ವ್ಯತ್ಯಾಸ ನಿಜವಾಗಿದ್ದರೆ ಕೈಗೆ ಸಿಗುವ ಸಾಧ್ಯತೆ) ಗುಂಪಿಗೆ 64 ಜನ ಬೇಕು. ಐದರಲ್ಲಿ ಒಬ್ಬರು ಕೈಬಿಡುತ್ತಾರೆಂದರೆ 80, ಹತ್ತರಲ್ಲಿ ಮೂವರು ಎಂದರೆ 92. ಇಲ್ಲಿ ಎರಡನೆಯದನ್ನೇ ಹಿಡಿಯುವುದು ಜಾಣತನ. ಆರು ತಿಂಗಳ ಭೇಟಿ ಭತ್ತದ ನಾಟಿಗೆ ಸಿಕ್ಕಿದರೆ ಯಾರೂ ಬರುವುದಿಲ್ಲ. ಕಬ್ಬು ಕಡಿಯುವ ಸರದಿ ಬಂದರೂ ಬರುವುದಿಲ್ಲ. ದಸರೆಯ ವಾರ ಮೈಸೂರಿಗೆ ಬರುವ ಬಸ್ಸಿನಲ್ಲಿ ಕಾಯಿಲೆಯವರನ್ನು ಹತ್ತಿಸುವುದೇ ಕಷ್ಟ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ ನಿಜ. ಜೊತೆಗೆ ಬರುವ ಮಗನ ಟಿಕೆಟ್ಟು, ಇಬ್ಬರ ಒಂದು ದಿನದ ಕೂಲಿ ಹೋಗುತ್ತದಲ್ಲ. ಆದ್ದರಿಂದ ಭೇಟಿಯ ದಿನಕ್ಕೆ ಹಿಂದುಮುಂದು ಎರಡು ವಾರದ ಸಡಿಲ ಕೊಡಿ, ಪ್ರಯಾಣದ ಖರ್ಚನ್ನು ಬಜೆಟ್ಟಿನಲ್ಲೇ ಬರೆದು ಸಮಿತಿಯ ಒಪ್ಪಿಗೆ ಪಡೆಯಿರಿ, ಮೂರು ಫೋನ್ ನಂಬರ್ ಬರೆದುಕೊಳ್ಳಿ. ಒಂದು ಮಗನದಾಗಿರುತ್ತದೆ, ಅವನು ಬೆಂಗಳೂರಿನಲ್ಲಿರುತ್ತಾನೆ. ಇನ್ನೊಂದು ಪಕ್ಕದ ಮನೆಯದು. ಅಲ್ಲಿಗೆ ಕರೆ ಮಾಡಿದಾಗ ‘ಕ್ಯಾನ್ಸರ್’ ಎಂಬ ಪದ ಬಾಯಿಂದ ಬರಕೂಡದು.

ಕೈಬಿಟ್ಟವರು ಯಾರು ಎಂಬುದೂ ಅಂಕಿಯೇ. ಹೆಚ್ಚು ನರಳುತ್ತಿರುವವರು ಬರುವುದು ನಿಲ್ಲಿಸಿದರೆ, ಬಂದವರ ಸರಾಸರಿ ತಾನಾಗೇ ಏರುತ್ತದೆ. ಆ ಏರಿಕೆಯನ್ನು ಸುಧಾರಣೆ ಎಂದು ಓದಿದರೆ ಎಲ್ಲ ಕೆಟ್ಟಿತು.

ಬಾಯಿ ಬಿಗಿತಕ್ಕೆ ವ್ಯಾಯಾಮದ ಪ್ರಯೋಗ ಮಾಡಿದರೆ ಬೆಂಚೇ ಶತ್ರು. ಒಂದು ಗುಂಪಿಗೆ ಮರದ ನಾಲಿಗೆಪಟ್ಟಿಗಳನ್ನು ಅಡಕಿ ಹಲ್ಲಿನ ನಡುವೆ ಇಟ್ಟುಕೊಳ್ಳಲು ಕಲಿಸಿರುತ್ತೇವೆ: ಒಂದು ಸಲಕ್ಕೆ 30 ಸೆಕೆಂಡು ಹಿಗ್ಗಿಸುವುದು, ಹೀಗೆ ಐದು ಸಲ, ದಿನಕ್ಕೆ ಐದು ಹೊತ್ತು. ಒಂದು ಪಟ್ಟಿ ಸುಮಾರು 1.6 ಮಿ.ಮೀ. ದಪ್ಪ, 22 ಸೇರಿದರೆ 35 ಮಿ.ಮೀ. ಹೊರಗೆ ಬಂದು ಬೆಂಚಿನಲ್ಲಿ ಕೂತ ಕೂಡಲೇ ಅವರು ಪಕ್ಕದವರಿಗೆ ತೋರಿಸುತ್ತಾರೆ, ‘ನೀವೂ ಹಿಂಗ್ ಮಾಡಿ, ಬಾಯಿ ಬಿಡ್ತದೆ’. ಪಕ್ಕದವರು ಇನ್ನೊಂದು ಗುಂಪಿನವರು. ಒಳ್ಳೆಯ ಮನಸ್ಸೇ, ಪ್ರಯೋಗ ಮಾತ್ರ ಕಲಸುಮೇಲೋಗರ. ಎರಡು ಗುಂಪಿಗೆ ಬೇರೆಬೇರೆ ದಿನ ಕೊಡುವುದು, ಅಧ್ಯಯನ ಮುಗಿದ ಮೇಲೆ ಇನ್ನೊಂದು ಗುಂಪಿಗೂ ಕಲಿಸುತ್ತೇವೆಂದು ಮೊದಲೇ ಹೇಳುವುದು ನಾವು ಕಂಡುಕೊಂಡ ಉಪಾಯ. ಅಲ್ಲಾಡುವ ಹಲ್ಲಿದ್ದರೆ, ದವಡೆಗೆ ಪ್ಲೇಟ್ ಹಾಕಿದ್ದರೆ, ಒಳಗೆ ಮೂಳೆ ಕಾಣುತ್ತಿದ್ದರೆ ಸರ್ಜನ್ ಒಪ್ಪದೆ ಪಟ್ಟಿ ಮುಟ್ಟಿಸಬಾರದು. ಕರೆಂಟ್ ಆದ ದವಡೆಯ ಹಲ್ಲನ್ನು ಊರಿನಲ್ಲಿ ಯಾರ ಹತ್ತಿರವೋ ಕೀಳಿಸಿಕೊಂಡರೆ ಮೂಳೆ ಕೊಳೆಯುವ ಅಪಾಯ ಜೀವನಪೂರ್ತಿ ಇರುತ್ತದೆ, ಅದನ್ನು ಪ್ರತಿ ಭೇಟಿಯಲ್ಲೂ ಹೇಳಬೇಕು. ಎಲೆಅಡಿಕೆ, ಹೊಗೆಸೊಪ್ಪು ಮತ್ತೆ ಶುರುವಾಗಿದೆಯಾ ಎಂದು ಬೈಯದೆ ಕೇಳುವುದೂ ಪ್ರತಿ ಭೇಟಿಯ ಕೆಲಸ.

ವರ್ಷದ ಕೊನೆಗೆ ಒಂದು ವಿಚಿತ್ರ ಕಾಣುತ್ತದೆ. ಬಾಯಿ 28 ಮಿ.ಮೀ.ನಲ್ಲೇ ನಿಂತಿದೆ, ಎಂಜಲು ಬಂದಿಲ್ಲ, ಆದರೂ ಪ್ರಶ್ನಾವಳಿಯಲ್ಲಿ ಬದುಕಿನ ಗುಣಮಟ್ಟ ಏರಿದೆ. ಇದನ್ನು ಸುಳ್ಳೆಂದು ತಳ್ಳಿಹಾಕಬೇಡಿ. ಮನುಷ್ಯರ ಒಳಗಿನ ಅಳತೆಗೋಲೇ ಬದಲಾಗಿರುತ್ತದೆ. 1999ರಲ್ಲಿ ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರೊಲಿನ್ ಶ್ವಾರ್ಟ್ಜ್ ಇದನ್ನು ಸಿದ್ಧಾಂತವಾಗಿ ಬರೆದರು. ‘ಆಗ ಹೇಗಿದ್ದಿರಿ ಅಂತ ಈಗ ಯೋಚಿಸಿ ಹೇಳಿ’ ಎಂದು ಹಳೆಯ ದಿನದ ಬಗ್ಗೆ ಇವತ್ತು ಮತ್ತೊಮ್ಮೆ ಕೇಳಿ, ಆಗ ಬರೆದದ್ದರ ಜೊತೆ ಹೋಲಿಸಿದರೆ ಗೋಲು ಎಷ್ಟು ಜರುಗಿದೆ ಎಂಬ ಅಂದಾಜು ಸಿಗುತ್ತದೆ. ‘ಪರವಾಗಿಲ್ಲ ಕಣವ್ವ’ ಎಂಬ ಮಾತಿನಲ್ಲಿ ಅರ್ಧ ಮುಚ್ಚಿಟ್ಟ ನೋವು, ಇನ್ನರ್ಧ ನಿಜಕ್ಕೂ ಒಗ್ಗಿಹೋದದ್ದು. ಮೊದಲರ್ಧಕ್ಕೆ ಚಿಕಿತ್ಸೆ ಬೇಕು, ಎರಡನೆಯದನ್ನು ಕೆದಕಬೇಕಾಗಿಲ್ಲ. ದೇಹದ ಅಳತೆ, ಪ್ರಶ್ನಾವಳಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಇವೆರಡನ್ನು ಬೇರ್ಪಡಿಸಲಿಕ್ಕೇ.

ಪ್ರಬಂಧ ಅಚ್ಚಾಗುವ ಹೊತ್ತಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ, ಅದಕ್ಕೆ ಬಡ್ತಿಯಲ್ಲಿ ಅಂಕವಿಲ್ಲ. ಒಂದೇ ಹಾಳೆ, ಕನ್ನಡದಲ್ಲಿ, ರೋಗಿಯ ಫೈಲಿನ ಮೊದಲ ಪುಟವಾಗಿ: ಬಾಯಿ ಎಷ್ಟು ಮಿಲಿಮೀಟರ್, ತೋಳು ಎಷ್ಟು ಸೆಂಟಿಮೀಟರ್, ತೂಕ, ಟಿಎಸ್‌ಎಚ್ ಕೊನೆಗೆ ಮಾಡಿಸಿದ್ದು ಯಾವಾಗ, ಇಟ್ಟು ಇಳಿಯುತ್ತಾ, ಜೊತೆಯಲ್ಲಿ ಕೂತು ಉಣ್ಣುತ್ತಾರಾ. ಪ್ರತಿ ಭೇಟಿಗೆ ಒಂದು ಸಾಲು. ಡಾಕ್ಟರಿಗೆ ಅದನ್ನು ಓದಲು ಅರ್ಧ ನಿಮಿಷ ಸಾಕು. ಹಾಳೆಯ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೂ ಕೊಡಬೇಕು, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ ಎಂದು ಹೇಳಿ ಕಳಿಸಬೇಕು.